ಗೋವೆಯ ಹಡಗು, ಹಳಿಯಾಳದ ಕಾಡು



ಅಥಣಿ, ರಾಯಬಾಗ, ಚಿಕ್ಕೋಡಿ, ಕಾಗವಾಡ ಸೀಮೆಗೆ ‘ಸಿದ್ದಿ’ ಎಂಬ ಹೆಸರು ಹೊಸದಲ್ಲ. ಈ ಊರುಗಳು ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಕಾಲದಲ್ಲಿ ಮುಹಮ್ಮದ ಆದಿಲಶಹನ ಪ್ರಬಲ ಮಂತ್ರಿಯಾಗಿದ್ದ ಇಖಲಾಸ್ ಖಾನ್ ಆಫ್ರಿಕ ಮೂಲದ ಹಬಶಿ. 1660ರಲ್ಲಿ ಶಿವಾಜಿ ಮಹಾರಾಜರು ಪನ್ಹಾಳಗಡದಲ್ಲಿದ್ದಾಗ ಮುತ್ತಿಗೆ ಹಾಕಿದ ಸಿದ್ದಿ ಜೌಹರನೂ ಅದೇ ಮೂಲದವನು. ನಿಪ್ಪಾಣಿಯವರಿಗೆ ಪನ್ಹಾಳವೇನೂ ದೂರವಲ್ಲ. ಆ ಕಥೆ ಮಕ್ಕಳ ಕಿವಿಗೂ ಬಿದ್ದಿರುತ್ತದೆ. ಆದರೆ ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಸಿದ್ದಿಯರು ಇಂದಿಗೂ ಇದ್ದಾರೆ, ಅಲ್ಲಿಂದ ಮುಂದೆ ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಅವರಲ್ಲೇ ಅನೇಕರು ಭಾನುವಾರ ಇಗರ್ಜಿಗೆ ಹೋಗುತ್ತಾರೆ ಎಂದರೆ ಹುಬ್ಬೇರಿಸುವವರೇ ಹೆಚ್ಚು.

ಆಫ್ರಿಕಕ್ಕೆ ಯೇಸುವಿನ ಹೆಸರನ್ನು ಬಿಳಿಯರ ಹಡಗು ತಂದಿತೆಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಮಾತ್ರ ನಿಜ. ‘ಹಬಶಿ’ ಎಂಬ ಮಾತು ಅಬಿಸೀನಿಯಾ, ಅಂದರೆ ಇಂದಿನ ಇಥಿಯೋಪಿಯ ಸೀಮೆಯದು. ಅಲ್ಲಿನ ಅಕ್ಸುಮ್ ರಾಜ್ಯದ ದೊರೆ ಎಜಾನಾ ನಾಲ್ಕನೆಯ ಶತಮಾನದಲ್ಲೇ ಕ್ರೈಸ್ತನಾದ. ಆಗಸ್ಟೀನನ ತಂಡ ಇಂಗ್ಲೆಂಡಿಗೆ ಧರ್ಮಪ್ರಚಾರಕ್ಕೆ ಬಂದದ್ದು 597ರಲ್ಲಿ! ಆದರೂ ಸಾವಿರ ವರ್ಷ ಹಳೆಯದಾದ ಈ ಚರ್ಚನ್ನು ತಿದ್ದಬೇಕೆಂದು ಹೊರಟವರು ಗೋವೆಯಿಂದಲೇ ಹೋದ ಜೆಸುಯಿಟ್ ಪಾದ್ರಿಗಳು. ಪೇದ್ರೊ ಪಾಯೆಜ್ 1603ರಲ್ಲಿ ಅಲ್ಲಿಗೆ ತಲುಪಿದ. 1622ರಲ್ಲಿ ಚಕ್ರವರ್ತಿ ಸುಸೆನ್ಯೋಸ್ ರೋಮಿನ ಪಂಥ ಹಿಡಿದ. ಪ್ರಜೆಗಳು ದಂಗೆಯೆದ್ದರು, ರಕ್ತ ಹರಿಯಿತು. ಹತ್ತು ವರ್ಷಕ್ಕೆ ಅವನು ಹಳೆಯ ಮತವನ್ನೇ ಮತ್ತೆ ನೆಲೆಗೊಳಿಸಬೇಕಾಯಿತು. ಮಗ ಫಾಸಿಲಿದಸ್ ಪಾದ್ರಿಗಳನ್ನು ಹೊರಗಟ್ಟಿದ.

ಪಶ್ಚಿಮದ ಕೊಂಗೋ ರಾಜ್ಯದ ಕಥೆ ಬೇರೆ. ಅಲ್ಲಿನ ಅರಸ 1491ರಲ್ಲಿ ದೀಕ್ಷಾಸ್ನಾನ ಪಡೆದ. ಅವನ ಮಗ ಅಫೊನ್ಸೊ ಶ್ರದ್ಧಾವಂತ ಕ್ರೈಸ್ತ. ಆದರೂ ತನ್ನ ಜನರನ್ನು ಹಿಡಿದೊಯ್ಯುತ್ತಿದ್ದಾರೆಂದು ಪೋರ್ಚುಗಲ್ಲಿನ ಕ್ರೈಸ್ತ ರಾಜನಿಗೆ ದೂರು ಬರೆಯಬೇಕಾಯಿತು. ಧರ್ಮವೂ ದಾಸ್ಯವೂ ಒಂದೇ ಹಡಗಿನಲ್ಲಿ ಬಂದಿದ್ದವು.

ಪೂರ್ವದ ಮೊಜಾಂಬಿಕಿಗೂ ಗೋವೆಗೂ ನಂಟು ಇನ್ನೂ ಹತ್ತಿರದ್ದು. 1612ರವರೆಗೆ ಮೊಜಾಂಬಿಕಿನ ಚರ್ಚು ಗೋವೆಯ ಧರ್ಮಪ್ರಾಂತಕ್ಕೇ ಸೇರಿತ್ತು. ಗೊನ್ಸಾಲೊ ದ ಸಿಲ್ವೇರಾ ಎಂಬ ಪಾದ್ರಿ 1560ರಲ್ಲಿ ಗೋವೆಯಿಂದ ಹೊರಟು, ಮೊನೊಮೊತಾಪ ರಾಜ್ಯದ ಎಳೆಯ ದೊರೆಗೆ ದೀಕ್ಷಾಸ್ನಾನ ಕೊಟ್ಟು, 1561ರಲ್ಲಿ ಅದೇ ದೊರೆಯ ಅಪ್ಪಣೆಯಂತೆ ಕೊಲೆಯಾದ. ಗೋವೆಯಿಂದ ಪಾದ್ರಿಗಳು ಹೋದ ಕಡಲದಾರಿಯಲ್ಲೇ ಮೊಜಾಂಬಿಕಿನಿಂದ ಗುಲಾಮರು ಬಂದರು. ಹಳೆಯ ಹೆಸರು ಹೋಗಿ ಸಂತರ ಹೆಸರು ಬಂತು. ಕೇಳಿ ಒಪ್ಪಿದ ದೀಕ್ಷೆಯಲ್ಲ ಅದು, ಒಡೆಯ ಕೊಟ್ಟದ್ದು.

ಅಂಥವರಲ್ಲಿ ಎಷ್ಟೋ ಮಂದಿ ಘಟ್ಟ ಹತ್ತಿ ಉತ್ತರ ಕನ್ನಡದ ದಟ್ಟ ಕಾಡು ಸೇರಿದರು. ಪೋರ್ಚುಗೀಸರು 1836ರಲ್ಲಿ ಗುಲಾಮರ ಸಾಗಣೆಯನ್ನು ಕಾಗದದ ಮೇಲೆ ನಿಷೇಧಿಸಿದರು. ಗುಲಾಮಗಿರಿ ರದ್ದಾಗಲು 1869 ಬರಬೇಕಾಯಿತು. ಅಷ್ಟು ಕಾಯುವ ವ್ಯವಧಾನ ಯಾರಿಗಿತ್ತು? ವಿಚಿತ್ರವೆಂದರೆ, ಒಡೆಯನನ್ನು ಬಿಟ್ಟು ಓಡಿದವರು ಒಡೆಯನ ದೇವರನ್ನು ಬಿಡಲಿಲ್ಲ. ಪೇದ್ರು, ಮಿಂಗೇಲ, ಬಸ್ತ್ಯಾಂವ, ಜುಜೆ ಎಂಬ ಹೆಸರುಗಳು ಕಾಡಿನಲ್ಲೂ ಉಳಿದವು, ಕೊಂಕಣಿಯೂ ಉಳಿಯಿತು. ಇದನ್ನು ಬರಿಯ ದಾಸ್ಯದ ಪಳೆಯುಳಿಕೆ ಎನ್ನುವುದು ಅವಸರದ ತೀರ್ಪು. ಹೇರಿದ್ದನ್ನೇ ಅವರು ತಮ್ಮದಾಗಿ ಮಾಡಿಕೊಂಡರು.

ಅದು ಹೇಗೆಂದು ಅವರ ಮನೆಗಳಲ್ಲಿ ಕಾಣಬೇಕು. ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅಡಿಕೆ ತೋಟದ ಒಡೆಯರಲ್ಲಿ ದುಡಿದ ಯಲ್ಲಾಪುರದ ಕಡೆಯವರು ಹೆಚ್ಚಾಗಿ ಹಿಂದೂಗಳು. ಮೂರೂ ಮತದವರಿಗೆ ಹಿರಿಯರ ಪೂಜೆ ಬೇಕು. ತೀರಿಕೊಂಡವರಿಗೆ ಎಡೆಯಿಟ್ಟೇ ಶುಭಕಾರ್ಯ. ಡಮಾಮಿ ವಾದ್ಯಕ್ಕೆ ಎಲ್ಲರೂ ಕುಣಿಯುತ್ತಾರೆ. ಮತದ ಗೆರೆ ದಾಟಿದ ಮದುವೆಗಳೂ ಆಗಿವೆ.

ಈ ಸಭೆಯ ತಾಯಂದಿರಿಗೆ ತಟ್ಟನೆ ತಿಳಿಯುವ ಇನ್ನೊಂದು ಗುರುತುಂಟು. ಇಲ್ಲಿ ಹಳೆಯ ಸೀರೆ, ಧೋತರಗಳನ್ನು ಸೇರಿಸಿ ಕೌದಿ ಹೊಲಿಯುವಂತೆ ಸಿದ್ದಿ ಹೆಂಗಸರು ‘ಕವಂದ’ ಹೊಲಿಯುತ್ತಾರೆ. ಅಂಚಿನಿಂದ ಸುತ್ತುತ್ತ ನಡುವಿಗೆ ಬರುವ ಹೊಲಿಗೆ. ಕ್ರೈಸ್ತರ ಕವಂದಗಳಲ್ಲಿ ಕೆಲವೊಮ್ಮೆ ಶಿಲುಬೆಯ ತುಂಡು ಕೂಡುತ್ತದೆ. ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಇಟ್ಟ ‘ಫುಲಾ’, ಅಂದರೆ ಹೂವು, ಇಲ್ಲದಿದ್ದರೆ ಅದು ಬರಿಮೈಯೆಂದು ಅವರ ಲೆಕ್ಕ, ಅಂಥದನ್ನು ಮುಗಿಯಿತೆನ್ನುವಂತಿಲ್ಲ. ನಮ್ಮ ಕೌದಿಗೂ ಅವರ ಕವಂದಕ್ಕೂ ಯಾರು ಯಾರಿಂದ ಕಲಿತರೆಂಬ ವಾದ ಬೇಡ. ಹರಕು ಬಟ್ಟೆ ಎಲ್ಲ ಬಡವರ ಮನೆಯಲ್ಲೂ ಇತ್ತು.

ಇನ್ನು ಸರ್ಕಾರದ ಮಾತು. ಪರಿಶಿಷ್ಟ ಜಾತಿಯ ಪಟ್ಟಿಗೆ ಮತದ ಕಟ್ಟಳೆಯಿದೆ. ಕ್ರೈಸ್ತರಾದರೆ ಆ ಸವಲತ್ತು ಇಲ್ಲ. ಪರಿಶಿಷ್ಟ ಪಂಗಡಕ್ಕೆ ಆ ಕಟ್ಟಳೆಯಿಲ್ಲ. ಹಾಗಾಗಿ 2003ರಲ್ಲಿ ಸಿದ್ದಿಯರು ಪಂಗಡದ ಪಟ್ಟಿಗೆ ಸೇರಿದಾಗ ಇಗರ್ಜಿಗೆ ಹೋಗುವವರೂ, ಮಸೀದಿಗೆ ಹೋಗುವವರೂ, ಗುಡಿಗೆ ಹೋಗುವವರೂ ಒಟ್ಟಿಗೇ ಸೇರಿದರು. ಮತ ಅಡ್ಡಬರಲಿಲ್ಲ, ಜಿಲ್ಲೆಯ ಗಡಿ ಅಡ್ಡಬಂತು! ಆ ಆದೇಶ ಉತ್ತರ ಕನ್ನಡಕ್ಕೆ ಮಾತ್ರ. ಹಳಿಯಾಳದ ಸಿದ್ದಿಗೆ ಸಿಕ್ಕ ಪ್ರಮಾಣಪತ್ರ ಖಾನಾಪುರದ ನೆಂಟನಿಗೆ ಸಿಗಲಿಲ್ಲ. ಕಾಡು ಒಂದೇ, ರಕ್ತ ಒಂದೇ; ತಹಶೀಲ್ದಾರರ ಕಚೇರಿ ಮಾತ್ರ ಬೇರೆ. ಸಂಸತ್ತು ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರನ್ನೂ ಪಟ್ಟಿಗೆ ಸೇರಿಸಿದ್ದು 2020ರಲ್ಲಿ. ನಡುವಿನ ಹದಿನೇಳು ವರ್ಷಗಳಲ್ಲಿ ಶಾಲೆ ಮುಗಿಸಿದ ಖಾನಾಪುರದ ಸಿದ್ದಿ ಮಕ್ಕಳಿಗೆ ಅದರ ಪ್ರಯೋಜನ ದಕ್ಕಲಿಲ್ಲ.