ತಂತಿಯ ಖರ್ಚು ಯಾರ ಪಾಲಿಗೆ?



ರಾಯಚೂರು ಜಿಲ್ಲೆಯ ಒಂದು ಕಾಲೇಜಿನಲ್ಲಿ ನಮ್ಮ ವಿಜ್ಞಾನ ಕಾರ್ಯಕ್ರಮದ ಚಿತ್ರೀಕರಣ ನಡೆದಿತ್ತು. ಕೊನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ನಮ್ಮ ಹೊಲದಾಗ ದೊಡ್ಡ ಟವರ್ ನಿಂತೈತ್ರಿ. ಅದರ ಕರೆಂಟು ನಮ್ಮ ಮನಿಗೆ ಬರಂಗಿಲ್ಲ. ಮತ್ತ ಆ ಲೈನಿನ ಖರ್ಚು ನಮ್ಮ ಬಿಲ್ಲಿನಾಗ ಯಾಕ ಬರಬೇಕ್ರಿ?”

ಸಭೆ ನಕ್ಕಿತು. ನಾನು ನಗಲಿಲ್ಲ. ಪ್ರಶ್ನೆ ಸರಿಯಾಗಿತ್ತು, ನನ್ನ ಬಳಿ ಅರ್ಧ ಉತ್ತರ ಮಾತ್ರ ಇತ್ತು. ಉಳಿದರ್ಧವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ವಿಷಯವನ್ನು ಗಮನಿಸಿ. ಹೆಚ್ಚು ವಿದ್ಯುತ್ ಉತ್ಪಾದಿಸಿದರೆ ಹೆಚ್ಚು ಕಲ್ಲಿದ್ದಲು ಉರಿಯುತ್ತದೆ. ಅದರ ಲೆಕ್ಕ ಸುಲಭ. ತಂತಿಯ ಲೆಕ್ಕ ಹಾಗಲ್ಲ. ಗೋಪುರ, ತಂತಿ, ಸಾಲದ ಬಡ್ಡಿ, ನಿರ್ವಹಣೆ, ಇವೆಲ್ಲ ಅದರಲ್ಲಿ ವಿದ್ಯುತ್ ಹರಿದರೂ ಹರಿಯದಿದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಹಾಗಾದರೆ ಯಾರು ಎಷ್ಟು ಕೊಡಬೇಕು?

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿದಾಗ ಈ ಪ್ರಶ್ನೆ ತೊಡಕಿನದಾಗಿರಲಿಲ್ಲ. ಒಂದು ತುದಿಯಲ್ಲಿ ಜಲಪಾತ, ಇನ್ನೊಂದು ತುದಿಯಲ್ಲಿ ಗಣಿ. 1905ರಲ್ಲಿ ಬೆಂಗಳೂರಿಗೂ ವಿದ್ಯುತ್ ಬಂತು. ಕೊಳ್ಳುವವರು ಹೆಚ್ಚಿದಂತೆಲ್ಲ ಹಂಚಿಕೆಯ ಪ್ರಶ್ನೆಯೂ ಬೆಳೆಯಿತು.

ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಅಣೆಕಟ್ಟಿನಿಂದ 100 ಕಿಲೋಮೀಟರ್ ಉದ್ದದ ಮಾರ್ಗವಿದೆ ಎಂದುಕೊಳ್ಳೋಣ. ಅದರ ವೆಚ್ಚ ಕಿಲೋಮೀಟರಿಗೆ 1 ರೂಪಾಯಿ, ಒಟ್ಟು 100 ರೂಪಾಯಿ. 20ನೆಯ ಕಿಲೋಮೀಟರಿನಲ್ಲಿ ‘ಅ’ ಎಂಬ ಊರು. ಅದು 60 ಮೆಗಾವ್ಯಾಟ್ ಪಡೆಯುತ್ತದೆ. ಕೊನೆಯಲ್ಲಿ ‘ಆ’ ಎಂಬ ಊರು. ಅದು 40 ಮೆಗಾವ್ಯಾಟ್ ಪಡೆಯುತ್ತದೆ.

ಮೊದಲ ಕ್ರಮ ಅಂಚೆ ಚೀಟಿಯದು. ಬೀದರಿನಿಂದ ಚಾಮರಾಜನಗರಕ್ಕೆ ಬರೆದರೂ ಪಕ್ಕದ ಬೀದಿಗೆ ಬರೆದರೂ ಅಂಚೆ ಕಾರ್ಡಿನ ಬೆಲೆ ಒಂದೇ ತಾನೆ? ಹಾಗೆಯೇ ಇಲ್ಲಿ ದೂರವನ್ನು ನೋಡದೆ ಪ್ರಮಾಣವನ್ನಷ್ಟೇ ನೋಡಿದರೆ ‘ಅ’ 60 ರೂಪಾಯಿ, ‘ಆ’ 40 ರೂಪಾಯಿ ಕೊಡುತ್ತವೆ.

ಎರಡನೆಯದು ಬಳಕೆಯ ಕ್ರಮ. ಮೊದಲ 20 ಕಿಲೋಮೀಟರನ್ನು ಇಬ್ಬರೂ ಬಳಸುತ್ತಾರೆ; ಅಲ್ಲಿ ‘ಅ’ ಪಾಲು 12, ‘ಆ’ ಪಾಲು 8. ಮುಂದಿನ 80 ಕಿಲೋಮೀಟರ್ ‘ಆ’ ಊರಿಗೆ ಮಾತ್ರ. ಆಗ ‘ಅ’ ಕೊಡುವುದು 12 ರೂಪಾಯಿ, ‘ಆ’ ಕೊಡುವುದು 88. ಪ್ರತಿ ಮೆಗಾವ್ಯಾಟಿಗೆ ದೂರದ ಊರು 11 ಪಟ್ಟು ಹೆಚ್ಚು ತೆರುತ್ತದೆ.

ತಂತಿ ಅದೇ, ವಿದ್ಯುತ್ತೂ ಅದೇ, ಲೆಕ್ಕ ಮಾತ್ರ ಎರಡು. ಯಾವುದು ನ್ಯಾಯ? ಅಣೆಕಟ್ಟಿನಿಂದ ದೂರದಲ್ಲಿ ಹುಟ್ಟಿದ್ದು ‘ಆ’ ಊರಿನವರ ತಪ್ಪಲ್ಲ. ಹಾಗೆಂದು ದೂರಕ್ಕೆ ಬೆಲೆಯೇ ಇಲ್ಲದಿದ್ದರೆ, ಕಾರ್ಖಾನೆಯನ್ನಾಗಲಿ ವಿದ್ಯುತ್ ಕೇಂದ್ರವನ್ನಾಗಲಿ ಎಲ್ಲಿ ಕಟ್ಟಿದರೆ ತಂತಿಯ ಖರ್ಚು ಕಡಿಮೆ ಎಂದು ಯಾರೂ ಯೋಚಿಸುವುದಿಲ್ಲ. ತಂತಿ ಉದ್ದವಾಗುತ್ತ ಹೋಗುತ್ತದೆ. ಖರ್ಚು ಎಲ್ಲರ ತಲೆಯ ಮೇಲೆ ಬೀಳುತ್ತದೆ.

ಇನ್ನೂ ಒಂದು ತೊಡಕಿದೆ. ನಿಜವಾದ ಜಾಲದಲ್ಲಿ ದಾರಿ ಒಂದಲ್ಲ, ಸಾವಿರಾರು. ನೀವು ಓದಿರುವ ಕಿರ್ಚಾಫ್ ನಿಯಮದಂತೆ ವಿದ್ಯುತ್ ತನಗೆ ಸಿಕ್ಕ ಎಲ್ಲ ದಾರಿಗಳಲ್ಲೂ ಹಂಚಿಕೊಂಡು ಹರಿಯುತ್ತದೆ. ತಡೆ ಕಡಿಮೆ ಇದ್ದಲ್ಲಿ ಹೆಚ್ಚು, ಹೆಚ್ಚಿದ್ದಲ್ಲಿ ಕಡಿಮೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ಭಾರತದ ಜಾಲದೊಡನೆ ಕೂಡಿಕೊಂಡಿತು. ಅಂದಿನಿಂದ ಇಡೀ ದೇಶ ಸೆಕೆಂಡಿಗೆ ಸುಮಾರು 50 ಆವರ್ತಗಳ ಒಂದೇ ತಾಳಕ್ಕೆ ನಡೆಯುತ್ತಿದೆ. ಹೀಗಿರುವಾಗ ನಿಮ್ಮ ಮನೆಯ ದೀಪ ಉರಿಸಿದ ವಿದ್ಯುತ್ ಇಂಥ ತಂತಿಯಿಂದಲೇ ಬಂತು ಎಂದು ಬೆರಳು ಮಾಡಿ ತೋರಿಸಲಾಗದು.

ಸುಮ್ಮನೆ ನಿಂತಂತೆ ಕಾಣುವ ತಂತಿಯೂ ಕೆಲಸ ಮಾಡುತ್ತಿರುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರದ ಜಾಲ ಕುಸಿಯಿತು. ಹಲವು ಮಾರ್ಗಗಳು ಸೇವೆಯಲ್ಲಿರಲಿಲ್ಲ. ಉಳಿದವುಗಳ ಮೇಲೆ ಹೊರೆ ಬಿತ್ತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಸೇರಿ, ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಕತ್ತಲಾಯಿತು. ಹೊರೆ ಹೊರಲು ಸಿದ್ಧವಾಗಿ ನಿಂತಿರುವುದಕ್ಕೂ ಬೆಲೆಯುಂಟು ಎಂಬುದು ಅಂದು ಗೊತ್ತಾಯಿತು.

ನಮ್ಮ ದೇಶದಲ್ಲಿ ಅಂತರರಾಜ್ಯ ಮಾರ್ಗಗಳ ವೆಚ್ಚವನ್ನು ಹಂಚುವ ನಿಯಮ ಮಾಡುವುದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ. ಮೊದಲು ಒಂದೊಂದು ವಲಯದೊಳಗೆ ಅಂಚೆ ಚೀಟಿಯ ಕ್ರಮವಿತ್ತು. 2011ರ ಜುಲೈಯಿಂದ, ಜಾಲದ ಯಾವ ಬಿಂದುವಿನಲ್ಲಿ ನೀವು ಸೇರಿಕೊಂಡಿದ್ದೀರಿ ಎಂಬುದನ್ನು ನೋಡಿ ಲೆಕ್ಕ ಹಾಕುವ ಕ್ರಮ ಬಂತು. 2020ರ ನವೆಂಬರಿನಿಂದ ಬಂದದ್ದು ಮಿಶ್ರ ಕ್ರಮ. ಒಂದು ರಾಜ್ಯಕ್ಕೆಂದೇ ಹಾಕಿದ ಟ್ರಾನ್ಸ್‌ಫಾರ್ಮರಿನ ವೆಚ್ಚ ಆ ರಾಜ್ಯದ್ದೇ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವಂಥ ನೇರ ವಿದ್ಯುತ್ತಿನ ಉದ್ದ ಮಾರ್ಗಗಳ ವೆಚ್ಚದಲ್ಲಿ ಸಾಮಾನ್ಯವಾಗಿ ಶೇಕಡ 30ನ್ನು ಇಡೀ ದೇಶ, ಉಳಿದುದನ್ನು ಅದನ್ನು ಪಡೆಯುವ ವಲಯ ಹೊರುತ್ತವೆ. ಉಳಿದ ಮಾರ್ಗಗಳಲ್ಲಿ ಒಂದು ಭಾಗ ಗಣಕದಿಂದ ಲೆಕ್ಕ ಹಾಕಿದ ಬಳಕೆಯಂತೆ. ಮಿಕ್ಕದ್ದು ಅಂಚೆ ಚೀಟಿಯಂತೆ.

ಇದರ ಹಿಂದಿರುವ ವಿಚಾರ ಸರಳ. ನಿನಗಾಗಿಯೇ ಮಾಡಿದ್ದಕ್ಕೆ ನೀನು ಕೊಡು. ಬಳಸಿದ್ದಕ್ಕೆ ಬಳಸಿದಷ್ಟು ಕೊಡು. ಎಲ್ಲರನ್ನೂ ಕಾಯುವುದಕ್ಕೆ ಎಲ್ಲರೂ ಕೊಡಿ.

ಒಬ್ಬರಿಗೆ ರಿಯಾಯಿತಿ ಕೊಟ್ಟರೆ ಆ ಖರ್ಚು ಮಾಯವಾಗುವುದಿಲ್ಲ ಎಂಬುದೂ ನೆನಪಿರಲಿ. 2025ರ ಜೂನ್ 30ರೊಳಗೆ ಆರಂಭವಾದ ಸೌರ ಮತ್ತು ಪವನ ವಿದ್ಯುತ್ ಯೋಜನೆಗಳ ವಿದ್ಯುತ್ತಿಗೆ ಅಂತರರಾಜ್ಯ ಪ್ರಸರಣ ಶುಲ್ಕದ ಪೂರ್ಣ ವಿನಾಯಿತಿ ದೊರೆಯಿತು. ಅನಂತರದವಕ್ಕೆ ಅದು ವರ್ಷಕ್ಕೆ ಶೇಕಡ 25ರಂತೆ ಇಳಿಯುತ್ತದೆ. ಹೊಗೆಯಿಲ್ಲದ ವಿದ್ಯುತ್ ಬೆಳೆಯಲೆಂಬ ಉದ್ದೇಶ ಒಳ್ಳೆಯದೇ. ಆದರೆ ಬಿಟ್ಟ ಪಾಲನ್ನು ಉಳಿದವರು ಹೊತ್ತಿದ್ದಾರೆ.

ಈಗ ಆ ಹುಡುಗಿಯ ಮಾತಿಗೆ ಬರೋಣ. ಅವಳ ಮನೆಯೂ ಆ ಜಾಲದಲ್ಲೇ ಇದೆ. ಆದ್ದರಿಂದ ಒಂದು ಸಣ್ಣ ಪಾಲು ಅವಳದೂ ಹೌದು. ಆದರೆ ಅವಳ ತಂದೆ ಹಣದ ಜೊತೆಗೆ ನೆಲವನ್ನೂ ಕೊಟ್ಟಿದ್ದಾರೆ. 2015ರ ಕೇಂದ್ರದ ಮಾರ್ಗಸೂಚಿಯಂತೆ ಗೋಪುರ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಶೇಕಡ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇಕಡ 15 ಪರಿಹಾರವಿತ್ತು. 2024ರಲ್ಲಿ ಅದನ್ನು ಶೇಕಡ 200 ಮತ್ತು ಶೇಕಡ 30ಕ್ಕೆ ಏರಿಸಲಾಯಿತು. ಈ ಪರಿಹಾರವೂ ಮಾರ್ಗದ ವೆಚ್ಚಕ್ಕೇ ಸೇರುತ್ತದೆ. ಅಂದರೆ ನಾವೆಲ್ಲ ಸೇರಿ ಕೊಡುತ್ತೇವೆ. ನಮ್ಮ ಬಿಲ್ಲು ಅಗ್ಗವಾಗಲೆಂದು ಅದನ್ನು ಕಡಿಮೆ ಇಟ್ಟರೆ, ನಮ್ಮ ಪಾಲನ್ನು ಒಬ್ಬ ರೈತನ ಹೊಲದ ಮೇಲೆ ಹಾಕಿದಂತೆ. ಅವಳ ಪ್ರಶ್ನೆಯ ಜೀವ ಇದ್ದದ್ದು ಅಲ್ಲಿ.

ಇಂದು ಸಂಜೆ ನಿಮ್ಮ ಮನೆಯ ವಿದ್ಯುತ್ ಬಿಲ್ಲನ್ನು ತೆಗೆದು ನೋಡಿ. ಅದರಲ್ಲಿ ‘ತಂತಿಯ ಖರ್ಚು’ ಎಂಬ ಸಾಲು ಸಿಗದು; ದರದೊಳಗೇ ಅದು ಬೆರೆತಿರುತ್ತದೆ. ಅದನ್ನು ಹೇಗೆ ಹಂಚಿದರು ಎಂದು ಕೇಳುವ ಹಕ್ಕು ನಿಮಗಿದೆ. ಕೊನೆಯ ಸಾಲಿನಿಂದಲಾದರೂ ಸರಿ, ಎದ್ದು ನಿಂತು ಕೇಳಿ.