ರಕ್ತದ ಚೀಲ: ಭಯ ಬೇಡ, ತಿಳಿವಳಿಕೆ ಇರಲಿ



“ಎರಡು ಬಾಟಲಿ ರಕ್ತ ಬೇಕಂತೆ” ಎಂದು ನಾವು ಇಂದಿಗೂ ಹೇಳುತ್ತೇವೆ. ಆದರೆ ಬಾಟಲಿಯ ಕಾಲ ಮುಗಿದು ಬಹಳ ವರ್ಷಗಳಾದವು. ಗಾಜು ಒಡೆಯುತ್ತಿತ್ತು, ಗಾಳಿ, ರೋಗಾಣು ಒಳಸೇರುವ ಅಪಾಯವಿತ್ತು. 1950ರ ಸುಮಾರಿಗೆ ಅಮೆರಿಕದ ವೈದ್ಯರಾದ ಕಾರ್ಲ್ ವಾಲ್ಟರ್ ಮತ್ತು ವಿಲಿಯಂ ಮರ್ಫಿ ಪ್ಲಾಸ್ಟಿಕ್ ಚೀಲವನ್ನು ಬಳಕೆಗೆ ತಂದರು. ನಮ್ಮ ದೇಶದಲ್ಲೇ ಇದನ್ನು ತಯಾರಿಸುವ ವಿಧಾನವನ್ನು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿತು. ಒಬ್ಬ ದಾನಿಯ ರಕ್ತದಿಂದ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಿ ಹಲವರಿಗೆ ಕೊಡುವುದು ಈ ಚೀಲಗಳಿಂದ ಸುಲಭವಾಯಿತು.

“ಪ್ಲಾಸ್ಟಿಕ್ ಮೈಗೆ ಕೆಟ್ಟದ್ದಲ್ಲವೇ ಡಾಕ್ಟ್ರೇ?” ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಚೀಲ ಮಾಡುವ ಪಿ.ವಿ.ಸಿ. ಸ್ವಭಾವತಃ ಗಡುಸು. ಅದು ಮೆದುವಾಗಲೆಂದು ಡಿ.ಇ.ಎಚ್.ಪಿ. ಎಂಬ ಎಣ್ಣೆಯಂಥ ರಾಸಾಯನಿಕವನ್ನು ಬೆರೆಸುತ್ತಾರೆ. ದಿನ ಕಳೆದಂತೆ ಅದು ಸ್ವಲ್ಪಸ್ವಲ್ಪವೇ ರಕ್ತಕ್ಕೆ ಸೇರುತ್ತದೆ. ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಗಂಡು ಮರಿಗಳ ಜನನಾಂಗದ ಬೆಳವಣಿಗೆಗೆ ಇದರಿಂದ ತೊಂದರೆಯಾದದ್ದು ಕಂಡುಬಂದಿದೆ.

ಹಾಗಾದರೆ ಅದನ್ನು ಕೂಡಲೇ ಏಕೆ ಬಿಡಲಿಲ್ಲ? ಅದೇ ರಾಸಾಯನಿಕವು ಕೆಂಪು ಕಣಗಳು ಒಡೆಯದಂತೆ ಕಾಯುತ್ತದೆ. ತಂಪಿನಲ್ಲಿಟ್ಟ ಕೆಂಪು ಕಣಗಳು 35ರಿಂದ 42 ದಿನ ಬಳಕೆಗೆ ಯೋಗ್ಯವಾಗಿ ಉಳಿಯಲು ಅದರ ನೆರವೂ ಇದೆ. ಈ ಗುಣವೂ ಇರಬೇಕು, ಹಾನಿಯೂ ಕಡಿಮೆಯಾಗಬೇಕು ಎಂದು ಡಿಂಚ್, ಬಿ.ಟಿ.ಎಚ್.ಸಿ. ಮುಂತಾದ ಬದಲಿ ವಸ್ತುಗಳಿಂದ ಚೀಲ ಮಾಡುತ್ತಿದ್ದಾರೆ. ವೈದ್ಯಕೀಯ ಸಾಧನಗಳಲ್ಲಿ ಡಿ.ಇ.ಎಚ್.ಪಿ.ಯನ್ನು ವಿಶೇಷ ಅನುಮತಿಯಿಲ್ಲದೆ ಬಳಸಲು ಯುರೋಪಿಯನ್ ಒಕ್ಕೂಟವು 2030ರ ಜುಲೈ 1ರ ಗಡುವು ಹಾಕಿದೆ.

ಬಂಧುಗಳೇ, ಇದನ್ನು ಕೇಳಿ ರಕ್ತ ಬೇಡವೆನ್ನಬೇಡಿ. ಬೇಕಾದ ಚಿಕಿತ್ಸೆಯನ್ನು ಬಿಡುವುದೇ ಹೆಚ್ಚಿನ ಅಪಾಯವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2002ರಲ್ಲೇ ತಿಳಿಸಿದೆ. ಹೆರಿಗೆಯಲ್ಲಿ ರಕ್ತಸ್ರಾವವಾಗುತ್ತಿರುವ ತಾಯಿಗೆ ಕಾಯಲು ಸಮಯವಿರುವುದಿಲ್ಲ.

ನೀವು ಇಷ್ಟು ಮಾಡಿ:

1. ನವಜಾತ ಶಿಶುವಿಗೆ, ಥಲಸೇಮಿಯಾದಿಂದ ಪದೇ ಪದೇ ರಕ್ತ ಪಡೆಯುವ ಮಗುವಿಗೆ, ಗರ್ಭಿಣಿಗೆ ರಕ್ತ ಕೊಡುವಾಗ, ಡಿ.ಇ.ಎಚ್.ಪಿ. ಇಲ್ಲದ ಚೀಲ ಅಥವಾ ಹೆಚ್ಚು ದಿನ ಇಡದ ರಕ್ತ ಸಿಗುವುದೇ ಎಂದು ವೈದ್ಯರನ್ನು ವಿಚಾರಿಸಿ. ಸಿಗದಿದ್ದರೆ ಚಿಕಿತ್ಸೆ ತಡಮಾಡಬೇಡಿ.

2. ರಕ್ತನಿಧಿಯಿಂದ ಚೀಲ ತರುವಾಗ ಬಿಸಿಲಿಗೆ ಹಿಡಿಯಬೇಡಿ, ದಾರಿಯಲ್ಲಿ ನಿಲ್ಲಬೇಡಿ. ವಾರ್ಡಿನಲ್ಲಿ ಬಿಸಿನೀರಿನಲ್ಲಿ ಇಡಬೇಡಿ. ಕೂಡಲೇ ಸಿಸ್ಟರ್ ಕೈಗೆ ಕೊಡಿ.

3. ಚೀಲ ಸೋರುತ್ತಿದ್ದರೆ, ರಕ್ತದ ಬಣ್ಣ ಬದಲಾಗಿದ್ದರೆ ಏರಿಸುವ ಮುನ್ನವೇ ತಿಳಿಸಿ.

ಸಂದೇಹವಿದ್ದರೆ ಸಂಕೋಚಪಡದೆ ಕೇಳಿ. ಉತ್ತರಿಸುವುದು ನಮ್ಮ ಕರ್ತವ್ಯ. ಎಲ್ಲರೂ ಬೇಗ ಗುಣಮುಖರಾಗಿರಿ.