ಹಳೇ ಲ್ಯಾಪ್‌ಟಾಪಿನೊಳಗೆ ಉಳಿದಿದ್ದ ನಮ್ಮ ಸಂಘ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿಯ ಬಗ್ಗೆ ಎರಡು ಮಾತಾಡಿ ಎಂದು ನಮಗೆ ಹೇಳಿದ್ದಾರೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಕಾಫಿ, ಮೆಣಸು, ನಾಲ್ಕು ಹಸು ನೋಡಿಕೊಂಡು ಇರುವವರು ನಾವು, ಭಾಷಣ ಮಾಡಿ ಅಭ್ಯಾಸವಿಲ್ಲ. ನಡೆದು ಬಂದ ದಾರಿಯನ್ನು ಅಧ್ಯಕ್ಷರು ಆಗಲೇ ಹೇಳಿಯಾಯಿತು. ಆ ದಾರಿಯ ಗುರುತುಗಳು ಅಳಿಸಿಯೇ ಹೋಗಿದ್ದವು, ಅದರಲ್ಲಿ ಎಷ್ಟನ್ನು ವಾಪಸ್ ತಂದೆವು ಅನ್ನೋದನ್ನಷ್ಟೇ ನಾವು ಹೇಳುತ್ತೇವೆ.

2011ರಲ್ಲಿ ಸಂಘಕ್ಕೆ ಒಂದು ಲ್ಯಾಪ್‌ಟಾಪ್ ಕೊಂಡಿದ್ದು ನಿಮಗೆ ನೆನಪಿರಬಹುದು. ಪೂಜೆ ಮಾಡಿ, ಅರಿಶಿನ ಕುಂಕುಮ ಹಚ್ಚಿ ಮೇಜಿನ ಮೇಲೆ ಇಟ್ಟಿದ್ದೆವು. ಮೊದಲ ದಿನಗಳ ಆಲ್ಬಂ ನಮ್ಮ ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿದು ಫೋಟೋಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಅದಕ್ಕೇ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಅದರೊಳಗೆ ಹಾಕಿದೆವು. ಹಳೇ ಷೇರು ಪುಸ್ತಕದ ನಕಲು, ಮಹಾಸಭೆಯ ವರದಿ, ಕರು ಪ್ರದರ್ಶನದ ಫೋಟೋ, ಎಲ್ಲ ಅಲ್ಲೇ. ಇನ್ನು ಭಯವಿಲ್ಲ ಅಂದುಕೊಂಡು ಆಲ್ಬಮ್ಮನ್ನೂ ಎಸೆದೆವು.

ಮೊದಲ ತಪ್ಪು 2018ರ ಮೇ ತಿಂಗಳಲ್ಲಿ ಆಯಿತು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದು, ಲೆಕ್ಕದ ಕೆಲಸ ನಿಧಾನ ಆಗ್ತಿದೆ ಅಂತ ಫೋಟೋಗಳ ಫೋಲ್ಡರನ್ನು ಅಳಿಸಲಾಯಿತು. ಅಳಿಸಿದ್ದು ಯಾರು ಎಂದು ಸಭೆಯಲ್ಲಿ ಹಲವು ಸಲ ಕೇಳಿದ್ದೀರಿ. ನಾವೇ. ಸಿ.ಡಿ.ಗೆ ಹಾಕಿಸಿದ್ದೇವೆ ಎಂಬ ಧೈರ್ಯ ಇತ್ತು. ಆಮೇಲೆ ನೋಡಿದರೆ ಆ ಸಿ.ಡಿ. ಯಾವ ಕಂಪ್ಯೂಟರಿನಲ್ಲೂ ಓದಲಿಲ್ಲ.

ಎರಡನೆಯದು ಅದೇ ವರ್ಷದ ಆಗಸ್ಟ್. ಶಿರಾಡಿ ಘಾಟಿಯ ರಸ್ತೆ ಕುಸಿದು ಮುಚ್ಚಿದ್ದು, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಯ ರೈಲುಹಳಿ ಮೇಲೆ ಗುಡ್ಡ ಬಿದ್ದಿದ್ದು ಆ ಮಳೆಯಲ್ಲೇ. ನಮ್ಮ ಕಚೇರಿಯ ಹೆಂಚು ಸರಿದು ನೀರು ನೇರ ಮೇಜಿನ ಮೇಲೆ ಸುರಿದಿತ್ತು. ಒರೆಸಿದ ಕೂಡಲೇ ಬದುಕಿದೆಯೋ ಸತ್ತಿದೆಯೋ ನೋಡೋಣ ಅಂತ ಕರೆಂಟು ಕೊಟ್ಟೆವು. ಒಂದು ಸಲ ಮಿಂಚಿ ಆರಿಹೋಯಿತು. ಹಾಗೆ ಮಾಡಲೇಬಾರದಿತ್ತಂತೆ. ನೆನೆದ ಯಂತ್ರಕ್ಕೆ ಕರೆಂಟು ಕೊಡದೆ ಬ್ಯಾಟರಿ ಬಿಚ್ಚಿಟ್ಟಿದ್ದರೆ ಅದು ಉಳಿಯುತ್ತಿತ್ತೇನೋ. ಅಕ್ಕಿ ಮೂಟೆಯಲ್ಲಿ ಹೂತಿಡಿ ಅಂದವರೊಬ್ಬರು, ಒಲೆ ಮೇಲಿನ ಅಟ್ಟದಲ್ಲಿಡಿ ಅಂದವರೊಬ್ಬರು. ಎರಡನ್ನೂ ಮಾಡದೆ ಬೀರುವಿಗೆ ಸೇರಿಸಿದೆವು. ಏಳು ವರ್ಷ ಅಲ್ಲೇ ಇತ್ತು.

ಬೆಳ್ಳಿಹಬ್ಬದ ಸಂಚಿಕೆ ತರಬೇಕು ಅಂತ ತೀರ್ಮಾನ ಆದಾಗ ನೋಡಿದರೆ ಸ್ಥಾಪಕ ಸದಸ್ಯರ ಒಂದು ಫೋಟೋ ಕೂಡ ಇಲ್ಲ. ಲ್ಯಾಪ್‌ಟಾಪ್ ಹೊತ್ತುಕೊಂಡು ಪೇಟೆಯ ಒಂದು ರಿಪೇರಿ ಅಂಗಡಿಗೆ ಹೋದೆವು. ಬ್ಯಾಟರಿ ಉಬ್ಬಿತ್ತು. ಅಂಗಡಿಯವರು, "ಇದರಲ್ಲೇನೂ ಇಲ್ಲ ಸಾರ್, ಬೋರ್ಡ್ ಬದಲಾಯಿಸಿ ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿಕೊಡ್ತೀನಿ" ಅಂದರು. ಮುಂಗಡ ಕೊಡಲು ಜೇಬಿಗೆ ಕೈಯನ್ನೂ ಹಾಕಿದ್ದೆವು. ಹಾಸನದಲ್ಲಿ ಓದುವ ನಮ್ಮ ಅಣ್ಣನ ಮಗಳು ಫೋನಿನಲ್ಲಿ "ಚಿಕ್ಕಪ್ಪ, ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ, ವಾಪಸ್ ತನ್ನಿ" ಅಂತ ಕೂಗಿಕೊಂಡಿದ್ದಕ್ಕೆ ಇವತ್ತು ಈ ಸಂಚಿಕೆ ನಿಮ್ಮ ಕೈಲಿದೆ.

ಅವಳು ಭಾನುವಾರ ಬಂದಳು. ಉಬ್ಬಿದ ಬ್ಯಾಟರಿಯನ್ನು ಒತ್ತದೆ, ಚುಚ್ಚದೆ ಮೊದಲು ತೆಗೆದು ಹೊರಗಿಟ್ಟಳು. ಒತ್ತಿದರೆ ಬೆಂಕಿ ಹತ್ತುತ್ತದಂತೆ. ಆಮೇಲೆ ಕೆಳಗಿನ ಸ್ಕ್ರೂ ಬಿಚ್ಚಿ ಇಸ್ಪೀಟು ಕಟ್ಟಿಗಿಂತ ತುಸು ಅಗಲದ ಒಂದು ಪೆಟ್ಟಿಗೆ ಎಳೆದಳು. ಅದೇ ಹಾರ್ಡ್ ಡಿಸ್ಕ್. ಬರೆದಿದ್ದೆಲ್ಲ ಇರುವುದು ಅದರಲ್ಲಿ, ಪರದೆ, ಬೋರ್ಡು ಸತ್ತರೆ ಅದು ಸತ್ತ ಹಾಗಲ್ಲ. ಕೆಲವೇ ನೂರು ರೂಪಾಯಿಯ ಒಂದು ಕೇಬಲ್ಲಿನಿಂದ ಅದನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಕಿವಿಗೊಟ್ಟು ಕೇಳಿದಳು. ಟಕ್ ಟಕ್ ಅಂತ ಬಡಿದುಕೊಂಡರೆ ಒಳಗೆ ಪೆಟ್ಟಾಗಿದೆ ಎಂದರ್ಥ, ಆಗ ಕೂಡಲೇ ಆರಿಸಿ ಧೂಳಿಲ್ಲದ ಕೋಣೆ ಇರುವ ಪರಿಣತರಿಗೇ ಕೊಡಬೇಕು, ಮನೆಯಲ್ಲಿ ಆ ಪೆಟ್ಟಿಗೆಯ ಮುಚ್ಚಳ ತೆಗೆಯಬಾರದು. ನಮ್ಮದು ಸದ್ದಿಲ್ಲದೆ ತಿರುಗಿತು.

ವರದಿ, ಲೆಕ್ಕ ಎಲ್ಲ ಹಾಗೇ ಇದ್ದವು. ಫೋಟೋ ಫೋಲ್ಡರ್ ಇರಲಿಲ್ಲ. ಅಳಿಸಿದವರು ನಾವಲ್ಲವೇ! ಆಗ ಅವಳು ಹೇಳಿದ್ದು ನಮಗೆ ಹೊಸದು. ಅಳಿಸು ಅಂದರೆ ಕಂಪ್ಯೂಟರು ಫೋಟೋವನ್ನು ಅಳಿಸುವುದಿಲ್ಲ, ವಿಷಯಸೂಚಿಯಲ್ಲಿ ಆ ಹೆಸರನ್ನು ಹೊಡೆದುಹಾಕಿ "ಈ ಪುಟ ಖಾಲಿ" ಅಂತ ಬರೆದುಕೊಳ್ಳುತ್ತದೆ. ಆ ಪುಟದ ಮೇಲೆ ಬೇರೆಯದು ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಮೇನಲ್ಲಿ ಅಳಿಸಿದ್ದು, ಆಗಸ್ಟಿನಲ್ಲಿ ಕೆಟ್ಟಿದ್ದು. ಮಧ್ಯೆ ಮೂರೇ ತಿಂಗಳು ಬಳಸಿದ್ದರಿಂದ ಬಹುಪಾಲು ಉಳಿದಿತ್ತು. ಏಳು ವರ್ಷ ಯಾವ ಮಳೆಯನ್ನು ಬೈದುಕೊಂಡಿದ್ದೆವೋ ಆ ಮಳೆಯೇ ಫೋಟೋಗಳನ್ನು ಕಾಪಾಡಿತ್ತು ನೋಡಿ. ಈಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಯ ಬದಲು ಎಸ್‌ಎಸ್‌ಡಿ ಇರುತ್ತದೆ. ಅಳಿಸಿದ ಜಾಗವನ್ನು ಅದು ತಾನೇ ಬೇಗ ಗುಡಿಸಿಬಿಡುವುದರಿಂದ ಇಂಥ ಅದೃಷ್ಟ ಅಲ್ಲಿ ಕಡಿಮೆ.

ಕ್ರಿಸ್ಟೋಫ್ ಗ್ರೆನಿಯೆ ಎಂಬ ಫ್ರಾನ್ಸ್ ದೇಶದವರು ಬರೆದು ಪುಕ್ಕಟೆ ಕೊಟ್ಟಿರುವ ಫೋಟೋರೆಕ್ ಎಂಬ ತಂತ್ರಾಂಶವನ್ನು ಅವಳು ಓಡಿಸಿದಳು. ಅದು ಹೆಸರು ನೋಡುವುದಿಲ್ಲ. ಪ್ರತಿ ಫೋಟೋ ಫೈಲಿನ ತಲೆಯಲ್ಲಿ ಇರುವ ಗುರುತನ್ನು ಹುಡುಕಿಕೊಂಡು ಇಡೀ ಡಿಸ್ಕನ್ನು ಸೋಸುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ತುಂಬಬೇಕು, ಅದೇ ಡಿಸ್ಕಿಗೆ ಹಾಕಿದರೆ ಉಳಿದಿದ್ದರ ಮೇಲೆ ನಾವೇ ಬರೆದಂತೆ. ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಸಾವಿರಾರು ಚಿತ್ರ ಬಂದಿದ್ದವು. ಒಂದಕ್ಕೂ ಹೆಸರಿಲ್ಲ, ಬರೀ ಸಂಖ್ಯೆ. ಜಾಹೀರಾತಿನ ಚಿತ್ರಗಳ ಮಧ್ಯೆ ನಮ್ಮೂರಿನ ಮುಖಗಳು. ಕ್ಯಾಮೆರಾದ ಫೋಟೋಗಳ ಒಳಗೆ ತೆಗೆದ ದಿನಾಂಕ ಉಳಿದಿದ್ದರಿಂದ ವಿಂಗಡಿಸುವುದು ಸುಲಭವಾಯಿತು. ಸ್ಕ್ಯಾನ್ ಮಾಡಿದ ಹಳೆಯವಕ್ಕೆ ಆ ಅನುಕೂಲ ಇಲ್ಲ. ಹಿರಿಯರನ್ನು ಕೂರಿಸಿಕೊಂಡು ನಾಲ್ಕು ಸಂಜೆ "ಇದ್ಯಾರು, ಇದ್ಯಾವಾಗ" ಅಂತ ಕೇಳಿ ಬರೆದುಕೊಂಡೆವು. ಆ ನಾಲ್ಕು ಸಂಜೆ ಕಾಫಿಪುಡಿ ಖರ್ಚಾದದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಡತಗಳ ಕಥೆ ಬೇರೆ. ಷೇರು ಪುಸ್ತಕದ ನಕಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಟೋಪಿ. ವೈರಸ್ ಬಡಿದಿದೆ, ಅಳಿಸಿಬಿಡಿ ಅಂದರು ಪಕ್ಕದಲ್ಲಿದ್ದವರು. ಒಮ್ಮೆ ಅಳಿಸಿದ ಕೈ, ಈ ಸಲ ತಡೆಯಿತು. ವೈರಸ್ಸೂ ಅಲ್ಲ, ಏನೂ ಅಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಶೇಷಾದ್ರಿವಾಸು ಅವರು 1998ರಲ್ಲಿ ತಂದ 'ಬರಹ' ಇವುಗಳ ಹಳೇ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇದ್ದಂತೆ ಇದ್ದವು. ಆ ಫಾಂಟ್ ಇಲ್ಲದ ಕಡೆ ಮನೆ ಯಜಮಾನ ಮಾತ್ರ ಕಾಣುತ್ತಾನೆ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಸ್ವಂತ ಮನೆಯಾಯಿತು. ನಮ್ಮ ಪಕ್ಕದ ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ತನಕ ಕನ್ನಡ ತಂತ್ರಾಂಶ, ಕನ್ನಡ ತಂತ್ರಾಂಶ ಅಂತ ಯಾಕೆ ಹಟ ಹಿಡಿದಿದ್ದರು ಅನ್ನೋದು ನಮಗೆ ಆವತ್ತು ತಿಳಿಯಿತು. ನುಡಿ ಫಾಂಟ್ ಹಾಕಿದ ತಕ್ಷಣ ಸದಸ್ಯರ ಹೆಸರುಗಳು ಸಾಲಾಗಿ ಎದ್ದು ನಿಂತವು. ಆಮೇಲೆ ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿದೆವು. ದಾಖಲೆ ಇಲ್ಲ ಅಂತ ಹೇಳಿ ಕಳಿಸಿದ್ದ ಇಬ್ಬರು ತೀರಿಹೋದ ಸದಸ್ಯರ ಷೇರು ಹಣ ಆ ಪಟ್ಟಿಯಲ್ಲಿತ್ತು, ಅವರ ಮಕ್ಕಳಿಗೆ ಸಲ್ಲಿಸಿದ್ದೇವೆ. ತಡವಾಗಿದ್ದಕ್ಕೆ ಈ ವೇದಿಕೆಯಿಂದಲೇ ಕ್ಷಮೆ ಕೇಳುತ್ತೇವೆ.

ಇದೇನು ಮಹಾ ಅನ್ನುವವರಿಗೆ ಒಂದು ಮಾತು. 2003ರ ಫೆಬ್ರವರಿ 1ರಂದು ನಮ್ಮ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಆಕಾಶದಲ್ಲೇ ಛಿದ್ರವಾಯಿತಲ್ಲ, ಅದರಿಂದ ಬಿದ್ದ ಸುಟ್ಟು ಕರಕಲಾದ ಹಾರ್ಡ್ ಡಿಸ್ಕೊಂದು ತಿಂಗಳುಗಳ ನಂತರ ಸಿಕ್ಕಿತು. ಅದರಲ್ಲಿದ್ದ ಪ್ರಯೋಗದ ಮಾಹಿತಿಯಲ್ಲಿ ಶೇ. 99ರಷ್ಟನ್ನು ಅಮೆರಿಕದ ಪರಿಣತರು ಹೊರತೆಗೆದರು. 2008ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಆಕಾಶದಿಂದ ಬಿದ್ದಿದ್ದೇ ಉಳಿದಿದ್ದರೆ ಹೆಂಚಿನಿಂದ ಸೋರಿದ ನೀರು ಯಾವ ಲೆಕ್ಕ!

ಈಗ ಸಂಘದ ಎಲ್ಲ ಕಡತ, ಫೋಟೋ ಮೂರು ಕಡೆ ಇವೆ: ಕಚೇರಿಯ ಕಂಪ್ಯೂಟರಿನಲ್ಲಿ, ಬೀರುವಿನ ಡಿಸ್ಕಿನಲ್ಲಿ, ಇನ್ನೊಂದು ಡಿಸ್ಕ್ ಹಾಸನದಲ್ಲಿ ಅಣ್ಣನ ಮಗಳ ಹತ್ತಿರ. ಆರು ತಿಂಗಳಿಗೊಮ್ಮೆ ತೆರೆದು ನೋಡಬೇಕು ಎಂದು ನಿರ್ಣಯ ಮಾಡಿದ್ದೇವೆ. ಸಿ.ಡಿ.ಯನ್ನು ತೆರೆದು ನೋಡದೆ ಕೆಟ್ಟವರು ನಾವು.

ಎಲ್ಲವೂ ಸಿಗಲಿಲ್ಲ. ಮೊದಲ ದಿನ ಮೊದಲ ಕ್ಯಾನಿಗೆ ಹಾಲು ಸುರಿದ ಹಿರಿಯರ ಫೋಟೋ ಅರ್ಧ ಮಾತ್ರ ಬಂತು. ಪೇಟ, ಮುಖ, ಹೆಗಲ ಮೇಲಿನ ಟವೆಲ್ ಇದೆ. ಎದೆಯಿಂದ ಕೆಳಗೆ ಬೂದಿ ಬಣ್ಣ, ಕ್ಯಾನೂ ಇಲ್ಲ, ಸುರಿಯುವ ಕೈಯೂ ಇಲ್ಲ. ಬೇರೆ ಫೋಟೋ ಹಾಕೋಣ ಅಂತ ಸಮಿತಿಯಲ್ಲಿ ಮಾತಾಯಿತು. ಅವರ ಮನೆಯವರಿಗೆ ತೋರಿಸಿದಾಗ ಆ ಅಜ್ಜಿ ಕಂಪ್ಯೂಟರಿನ ಪರದೆಯನ್ನೇ ಸೆರಗಿನಿಂದ ಒರೆಸಿ, "ಮುಖ ಐತಲ್ಲಪ್ಪ, ಹಿಂಗೇ ಹಾಕಿ" ಅಂದರು. ಸಂಚಿಕೆಯ ಮೊದಲ ಪುಟದಲ್ಲಿ ಹಾಗೇ ಹಾಕಿದ್ದೇವೆ. ಅಚ್ಚಿನ ತಪ್ಪು ಅಂತ ಯಾರೂ ತಿಳಿಯಬಾರದು.